ಎಲ್ಲರ ಕೈಯಲ್ಲೂ ಒಂದೇ ಬೀಗದ ಕೈ

ಕಳೆದ ಸಂಚಿಕೆಯಲ್ಲಿ ಬ್ಯಾಕಪ್ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಪಾಸ್‌ವರ್ಡ್ ವಿಷಯವೇ. ಡೇಟಾಬೇಸ್ ಸರ್ವರ್‌ಗೆ ಯಾರು ಬರಬಹುದು, ಬಂದವರು ಏನು ಮಾಡಬಹುದು ಎಂಬ ಪ್ರಶ್ನೆಗಳು. ಹಾಗಾಗಿ ಈ ತಿಂಗಳು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಕಮಾಂಡ್‌ಗಳನ್ನು ಓದುವ ಸಲೀಸಿಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಪ್ರಶ್ನೆ: ನಮ್ಮದು ಬ್ರಹ್ಮಾವರದ ಕಡೆ ಒಂದು ಚಿಕ್ಕ ಸಹಕಾರಿ ಸಂಘ. ಆರು ಜನ ಸಿಬ್ಬಂದಿ. ಲೆಕ್ಕದ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಮೇಲೆ ನಡೆಯುತ್ತದೆ. ಸರ್ವರ್‌ಗೆ ಇರುವುದು ಒಂದೇ ಪಾಸ್‌ವರ್ಡ್, ಎಲ್ಲ ಅಧಿಕಾರ ಇರುವ 'ರೂಟ್' ಖಾತೆಯದು. ಅದು ಆರೂ ಜನರಿಗೆ ಗೊತ್ತು, ಕೀಬೋರ್ಡ್ ಕೆಳಗಿನ ಚೀಟಿಯಲ್ಲಿ ಬರೆದೂ ಇದೆ. ಇದನ್ನೆಲ್ಲ ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ. ಬೇರೆ ಬೇರೆ ಪಾಸ್‌ವರ್ಡ್ ಮಾಡೋಣ ಎಂದರೆ ಕಾರ್ಯದರ್ಶಿಯವರು "ನಮ್ಮವರ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳುತ್ತಾರೆ. ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ?
(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಮೊದಲು ಕಾರ್ಯದರ್ಶಿಯವರಿಗೆ ಏನು ಹೇಳಬೇಕು ಎಂದು ಹೇಳುತ್ತೇನೆ. ಅದು ಆಗದೆ ಉಳಿದದ್ದು ಆಗುವುದಿಲ್ಲ.

ನನ್ನ ಅಪ್ಪ ಉಡುಪಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದರು. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ಅಪ್ಪನ ಬಳಿ, ಇನ್ನೊಂದು ಮ್ಯಾನೇಜರ್ ಬಳಿ. ಒಬ್ಬರೇ ಹೋದರೆ ಬಾಗಿಲು ತೆರೆಯುತ್ತಿರಲಿಲ್ಲ. ಅಪ್ಪ ಎರಡು ದಿನ ರಜೆ ಹಾಕಿದರೂ ಕೀ ರಿಜಿಸ್ಟರ್ ತೆಗೆದು, ಯಾರಿಗೆ ಕೊಟ್ಟೆ, ಎಷ್ಟು ಗಂಟೆಗೆ ಕೊಟ್ಟೆ ಎಂದು ಬರೆದು ಇಬ್ಬರೂ ಸಹಿ ಹಾಕಬೇಕಿತ್ತು. ನಾನು ಚಿಕ್ಕವಳಿದ್ದಾಗ ಇದೇ ಪ್ರಶ್ನೆ ಕೇಳಿದ್ದೆ. "ನಿಮ್ಮ ಮೇಲೆ ಬ್ಯಾಂಕಿನವರಿಗೆ ನಂಬಿಕೆ ಇಲ್ವಾ ಅಪ್ಪ?" ಅಪ್ಪ ಹೇಳಿದ್ದು ಇಷ್ಟೇ: "ಆ ಪುಸ್ತಕ ಇದೆ ಅಂತಲೇ ನನಗೆ ರಾತ್ರಿ ನಿದ್ರೆ ಬರುವುದು ಮಗಾ."

ನಮ್ಮ ಊರಿನವರಿಗೆ ಇದು ಹೊಸ ವಿಷಯ ಅಲ್ಲವೇ ಅಲ್ಲ. 1906ರಿಂದ 1931ರ ಒಳಗೆ ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಹೀಗೆ ಐದು ಬ್ಯಾಂಕ್ ಹುಟ್ಟಿದ ಕರಾವಳಿ ಇದು. ಪಿಗ್ಮಿ ಸಂಗ್ರಹ ಶುರುವಾದದ್ದೂ ಇಲ್ಲೇ, 1928ರಲ್ಲಿ. ಪಿಗ್ಮಿಯವರು ಅಂಗಡಿ ಬಾಗಿಲಲ್ಲಿ ನಿಂತು ದುಡ್ಡು ತೆಗೆದುಕೊಂಡ ಕೂಡಲೇ ಬರೆದು ಕೊಡುತ್ತಾರೆ. ಅದನ್ನು ಅವರೂ ಅವಮಾನ ಎಂದುಕೊಳ್ಳುವುದಿಲ್ಲ, ಅಂಗಡಿಯವರೂ ಅಂದುಕೊಳ್ಳುವುದಿಲ್ಲ. ನಿಮ್ಮ ಸಂಘದಲ್ಲೂ ಪಿಗ್ಮಿ ಇದ್ದೇ ಇರುತ್ತದೆ. ಕಾರ್ಯದರ್ಶಿಯವರಿಗೆ ಅದನ್ನೇ ತೋರಿಸಿ.

ಇನ್ನೊಂದು ಘಟನೆ ಹೇಳಬೇಕು. 2006ರಲ್ಲಿ ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಕಚೇರಿಯಲ್ಲಿದ್ದೆ. ನಾವು ನಾಲ್ಕು ಜನ ಅದೇ ಸರ್ವರ್‌ಗೆ ಲಾಗಿನ್ ಆಗಿ, ಅದೇ ರೂಟ್ ಪಾಸ್‌ವರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದೆವು. ಒಂದು ಶನಿವಾರ ಮಧ್ಯಾಹ್ನ ಗ್ರಾಹಕರ ಬಾಕಿ ಕಾಲಂ ಪೂರ್ತಿ ಸೊನ್ನೆ ಆಯಿತು. ಅಪ್ಡೇಟ್ ಕಮಾಂಡ್‌ನಲ್ಲಿ ಯಾವ ಸಾಲನ್ನು ಬದಲಿಸಬೇಕು ಎಂದು ಹೇಳುವ 'ವೇರ್' ಇರಲಿಲ್ಲ. ಯಾರು, ಎಲ್ಲಿಂದ ಬಂದರು ಎಂದು ಬರೆದಿಡುವ ಲಾಗ್ ತೆರೆದರೆ ಸಾಲು ಸಾಲಿಗೆ ರೂಟ್, ಲೋಕಲ್‌ಹೋಸ್ಟ್ (ಅಂದರೆ ಅದೇ ಸರ್ವರ್ ಯಂತ್ರ). ರೂಟ್, ಲೋಕಲ್‌ಹೋಸ್ಟ್. ನಾಲ್ವರಲ್ಲಿ ಒಬ್ಬಳು ಸೇರಿ ಮೂರು ವಾರ ಆಗಿತ್ತು. ಆ ಹೊತ್ತಿಗೆ ಆ ಕುರ್ಚಿಯಲ್ಲಿ ಇದ್ದವಳು ಅವಳೇ. ಯಾರೂ ನೇರವಾಗಿ ನೀನೇ ಮಾಡಿದ್ದು ಎನ್ನಲಿಲ್ಲ. ಆದರೆ ಎಲ್ಲರೂ ಹಾಗೇ ನೋಡಿದರು. "ನಾನು ಮಾಡಿಲ್ಲ" ಎಂದು ಅವಳು ಹೇಳಬಹುದಿತ್ತು, ತೋರಿಸಲು ಏನೂ ಇರಲಿಲ್ಲ. ತಿಂಗಳು ಮುಗಿಯುವ ಮೊದಲೇ ಕೆಲಸ ಬಿಟ್ಟಳು. ಮೂರು ತಿಂಗಳ ನಂತರ ಇನ್ನೊಂದು ಶನಿವಾರ ಮತ್ತೆ ಅದೇ ಆಯಿತು. ಮೂರು ತಿಂಗಳಿಗೊಮ್ಮೆ ತಾನಾಗಿ ಓಡುವ ಒಂದು ಸ್ಕ್ರಿಪ್ಟ್ ಇತ್ತು. ಅದನ್ನು ತಿದ್ದಿದ್ದ ಹಿರಿಯರೊಬ್ಬರ ಕೈಯಿಂದ ಒಂದು ಸಾಲು ಬಿಟ್ಟುಹೋಗಿತ್ತು. ಆ ಸ್ಕ್ರಿಪ್ಟ್ ಸಹ ರೂಟ್ ಹೆಸರಲ್ಲೇ ಬರುತ್ತಿತ್ತು. ನಾನು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಚಹಾ ಕೊಟ್ಟಳು, ಆ ವಿಷಯ ಮಾತಾಡಲಿಲ್ಲ.

ಸ್ಕ್ರಿಪ್ಟ್‌ಗೆ ಅದರದೇ ಒಂದು ಹೆಸರು ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬೇರೆ ಬೇರೆ ಹೆಸರು ಮಾಡುವುದು ಕಳ್ಳರನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದವರ ಕೈಯಲ್ಲಿ ಒಂದು ಸಾಕ್ಷಿ ಇರಲಿ ಎಂದು. ನಿಮ್ಮ ಆರು ಜನರಿಗಾಗಿಯೇ ಇದನ್ನು ಮಾಡಿ.

ಈಗ ಕೆಲಸ. ಆರು ಜನರಿಗೂ ಡೇಟಾಬೇಸ್‌ನಲ್ಲಿ ಆರು ಖಾತೆ ಬೇಕಾಗಿಲ್ಲ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಕೌಂಟರ್‌ನಲ್ಲಿ ಕೂರುವವರಿಗೆ ಬೇಕಿರುವುದು ಸಾಫ್ಟ್‌ವೇರ್‌ನ ಲಾಗಿನ್. ಅಲ್ಲಿ ಒಬ್ಬೊಬ್ಬರಿಗೂ ಅವರವರ ಹೆಸರು ಇರಲಿ. ಆ ಸಾಫ್ಟ್‌ವೇರ್ ಮಾತ್ರ ಡೇಟಾಬೇಸ್ ಜೊತೆ ಮಾತಾಡುತ್ತದೆ. ಹಾಗಾಗಿ ಡೇಟಾಬೇಸ್‌ನಲ್ಲಿ ನಿಮಗೆ ಸುಮಾರು ನಾಲ್ಕು ಖಾತೆ ಸಾಕು: ಸಾಫ್ಟ್‌ವೇರ್‌ಗೆ ಒಂದು, ಬ್ಯಾಕಪ್‌ಗೆ ಒಂದು, ವರದಿ ತೆಗೆಯಲು ಒಂದು, ಸರ್ವರ್ ನೋಡಿಕೊಳ್ಳುವ ವ್ಯಕ್ತಿಗೆ ಅವರ ಹೆಸರಲ್ಲೇ ಒಂದು.

ಸಾಫ್ಟ್‌ವೇರ್ ಖಾತೆಗೆ ಸೆಲೆಕ್ಟ್ (ಓದುವುದು), ಇನ್ಸರ್ಟ್ (ಸೇರಿಸುವುದು), ಅಪ್ಡೇಟ್ (ತಿದ್ದುವುದು), ಡಿಲೀಟ್ (ಸಾಲು ಅಳಿಸುವುದು) ಇಷ್ಟು ಅನುಮತಿ ಕೊಡಿ, ಅದೂ ನಿಮ್ಮ ಸಂಘದ ಡೇಟಾಬೇಸ್ ಮೇಲೆ ಮಾತ್ರ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಬರೆದಿಟ್ಟ ಪ್ರೋಗ್ರಾಂ) ಬಳಸುತ್ತಿದ್ದರೆ ಎಕ್ಸಿಕ್ಯೂಟ್ ಸೇರಿಸಿ. ಡ್ರಾಪ್ ಬೇಡ, ಅದು ಇಡೀ ಟೇಬಲನ್ನೇ ಅಳಿಸಲು ಬಿಡುತ್ತದೆ. ಫೈಲ್ ಬೇಡ, ಅದು ಸರ್ವರ್‌ನ ಕಡತಗಳನ್ನೇ ಓದಲು ಬರೆಯಲು ಬಿಡುತ್ತದೆ. ಗ್ರಾಂಟ್ ಆಪ್ಷನ್ ಅಂತೂ ಬೇಡವೇ ಬೇಡ, ಅದು ಇದ್ದವರು ತಮ್ಮ ಅನುಮತಿಯನ್ನು ಇನ್ನೊಬ್ಬರಿಗೆ ದಾಟಿಸಬಹುದು. ವರದಿ ಖಾತೆಗೆ ಸೆಲೆಕ್ಟ್ ಒಂದೇ ಸಾಕು. ಬ್ಯಾಕಪ್‌ಗೆ ಸೆಲೆಕ್ಟ್, ಶೋ ವ್ಯೂ, ಟ್ರಿಗರ್, ಲಾಕ್ ಟೇಬಲ್ಸ್. 8ರ ಈಚಿನ ಆವೃತ್ತಿಗಳಲ್ಲಿ ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಮೈಎಸ್‌ಕ್ಯೂಎಲ್‌ಡಂಪ್ 'ಪ್ರೊಸೆಸ್' ಅನುಮತಿಯನ್ನೂ ಕೇಳುತ್ತದೆ. ಸಾಫ್ಟ್‌ವೇರ್ ಕಂಪನಿಯವರು ವರ್ಷಕ್ಕೊಮ್ಮೆ ಬಂದು ಟೇಬಲ್ ಬದಲಿಸುತ್ತಾರಲ್ಲ, ಅವರಿಗೆ ಬೇರೆ ಖಾತೆ ಮಾಡಿ 'ಅಕೌಂಟ್ ಲಾಕ್' ಎಂದು ಬೀಗ ಹಾಕಿಡಿ. ಬಂದ ದಿನ ತೆರೆಯಿರಿ, ಹೋದ ಮೇಲೆ ಹಾಕಿ.

ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಎಂದರೆ ಬರೀ ಹೆಸರಲ್ಲ, ಹೆಸರು ಮತ್ತು ಎಲ್ಲಿಂದ ಬರುತ್ತಾರೆ ಎಂಬುದು ಸೇರಿ. 'ಸಂಘ'@'192.168.1.20' ಒಂದು ಖಾತೆ. 'ಸಂಘ'@'ಲೋಕಲ್‌ಹೋಸ್ಟ್' ಇನ್ನೊಂದು. ಎರಡಕ್ಕೂ ಬೇರೆ ಪಾಸ್‌ವರ್ಡ್, ಬೇರೆ ಅನುಮತಿ ಇರಬಹುದು. ಹೋಸ್ಟ್ ಜಾಗದಲ್ಲಿ % ಇದ್ದರೆ ಲೋಕದ ಯಾವ ಮೂಲೆಯಿಂದಲೂ ಬರಬಹುದು ಎಂದರ್ಥ. ಒಂದು ಸಲ 'ಸೆಲೆಕ್ಟ್ ಯೂಸರ್, ಹೋಸ್ಟ್ ಫ್ರಮ್ ಮೈಎಸ್‌ಕ್ಯೂಎಲ್ ಡಾಟ್ ಯೂಸರ್' ಎಂದು ಕೊಟ್ಟು ನೋಡಿ. ರೂಟ್ ಪಕ್ಕದಲ್ಲಿ % ಕಂಡರೆ ಅದು ಹೋಗಬೇಕು. ಹೆಸರೇ ಇಲ್ಲದ ಖಾಲಿ ಸಾಲು ಕಂಡರೆ ಅದೂ ಹೋಗಬೇಕು.

ಆದರೆ ದಯವಿಟ್ಟು ರೂಟ್ ಪಾಸ್‌ವರ್ಡ್ ಅನ್ನು ಮೊದಲು ಬದಲಿಸಬೇಡಿ! ನಿಮ್ಮ ಸಾಫ್ಟ್‌ವೇರ್ ಈಗ ಅದರಲ್ಲೇ ನಡೆಯುತ್ತಿದೆ. ಇವತ್ತು ರಾತ್ರಿ ಬದಲಿಸಿದರೆ ನಾಳೆ ಬೆಳಿಗ್ಗೆ ಕೌಂಟರ್ ಮುಂದೆ ಜನ ನಿಂತಿರುತ್ತಾರೆ, ಸ್ಕ್ರೀನ್ ಮೇಲೆ ಎರರ್ ಇರುತ್ತದೆ. ಒಂದು ಭಾನುವಾರ ಹಿಡಿಯಿರಿ. ಮೊದಲು ಬ್ಯಾಕಪ್. ಆಮೇಲೆ ಹಳೇ ಪಾಸ್‌ವರ್ಡ್ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ. ಸಾಫ್ಟ್‌ವೇರ್‌ನ ಕಾನ್ಫಿಗ್ ಕಡತದಲ್ಲಿ, ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ, ಯಾವುದೋ ಎಕ್ಸೆಲ್ ಶೀಟ್‌ನಲ್ಲಿ. ಹೊಸ ಖಾತೆಗಳನ್ನು ಮಾಡಿ ಒಂದೊಂದನ್ನೇ ಅದಕ್ಕೆ ಬದಲಿಸಿ. ಒಂದು ವಾರ ಆಗಾಗ 'ಶೋ ಪ್ರೊಸೆಸ್‌ಲಿಸ್ಟ್' ಕಮಾಂಡ್ ಕೊಟ್ಟು ನೋಡುತ್ತಿರಿ. ಇನ್ನೂ ರೂಟ್ ಹೆಸರಲ್ಲಿ ಬರುವವರು ಯಾರು ಎಂದು ಅದರಲ್ಲಿ ಕಾಣುತ್ತದೆ. ತಿಂಗಳ ಕೊನೆಗೆ ಮಾತ್ರ ಓಡುವ ಕೆಲಸ ಇದ್ದರೆ ತಿಂಗಳ ಕೊನೆಯವರೆಗೂ ಕಾಯಿರಿ. ಯಾರೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ರೂಟ್ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಲಕೋಟೆಯಲ್ಲಿಟ್ಟು ಅರಗು ಮೊಹರು ಹಾಕಿ ಸಂಘದ ತಿಜೋರಿಯೊಳಗಿಡಿ. ತೆರೆದವರು ತಾರೀಖು ಬರೆದು ಸಹಿ ಹಾಕಲಿ.

ಬೆಂಗಳೂರಿಗೆ ಹೋದ ಹುಡುಗನ ಬಗ್ಗೆಯೂ ಒಂದು ಮಾತು. ಅವನ ಹೆಸರಲ್ಲಿ ಖಾತೆ ಇದ್ದು ಅದಕ್ಕೆ ಬೀಗ ಹಾಕಿದರೆ, ಅಥವಾ ಅಳಿಸಿದರೂ, ಈಗಾಗಲೇ ಒಳಗಿರುವ ಸಂಪರ್ಕ ಕಡಿದುಹೋಗುವುದಿಲ್ಲ. ಬೀಗ ಹೊಸದಾಗಿ ಬರುವವರಿಗೆ ಮಾತ್ರ. ಹಾಗಾಗಿ ಬೀಗ ಹಾಕಿದ ಮೇಲೆ ಪ್ರೊಸೆಸ್‌ಲಿಸ್ಟ್ ನೋಡಿ ಉಳಿದ ಸಂಪರ್ಕವನ್ನು 'ಕಿಲ್' ಮಾಡಬೇಕು. ಅವನ ಮೇಲೆ ಸಂಶಯ ಅಂತಲ್ಲ. ನಾಳೆ ಏನಾದರೂ ಆದರೆ ಅವನ ಹೆಸರು ಬರಬಾರದು.

ಹೆಸರು ಬೇರೆ ಮಾಡಿದ ಮಾತ್ರಕ್ಕೆ ಯಾರು ಏನು ಮಾಡಿದರು ಎಂದು ತಾನಾಗಿ ದಾಖಲಾಗುವುದಿಲ್ಲ, ಇದು ನೆನಪಿರಲಿ. ಅದನ್ನು ದಾಖಲಿಸುವ ಆಡಿಟ್ ಪ್ಲಗಿನ್ ಮೈಎಸ್‌ಕ್ಯೂಎಲ್‌ನ ಉಚಿತ ಆವೃತ್ತಿಯಲ್ಲಿ ಇಲ್ಲ, ಅದರಿಂದಲೇ ಕವಲೊಡೆದ ಮರಿಯಾಡಿಬಿಯಲ್ಲಿ ಉಚಿತವಾಗಿಯೇ ಇದೆ. ಸಾಫ್ಟ್‌ವೇರ್ ಒಳಗೆ ಪ್ರತಿ ವ್ಯವಹಾರದ ಪಕ್ಕ ಗುಮಾಸ್ತರ ಹೆಸರು ಮತ್ತು ಸಮಯ ಬೀಳುತ್ತದೆಯೇ ಎಂದು ಕಂಪನಿಯವರನ್ನು ಕೇಳಿ. ಬೀಳುವುದಿಲ್ಲ ಎಂದರೆ ಮಾಡಿಸಿಕೊಳ್ಳಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಓದುತ್ತಿದ್ದೇನೆ. ಉಬುಂಟು ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ಹಾಕಿದೆ. ರೂಟ್ ಪಾಸ್‌ವರ್ಡ್ ಏನು ಕೊಟ್ಟರೂ 'ಆ್ಯಕ್ಸೆಸ್ ಡಿನೈಡ್' ಬರುತ್ತದೆ. ಆದರೆ 'ಸುಡೋ ಮೈಎಸ್‌ಕ್ಯೂಎಲ್' ಎಂದರೆ ಪಾಸ್‌ವರ್ಡ್ ಕೇಳದೇ ಒಳಗೆ ಬಿಡುತ್ತದೆ. ಇದು ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲ, ಸರಿಯಾಗಿದೆ. ಉಬುಂಟುವಿನಲ್ಲಿ ರೂಟ್ ಖಾತೆಗೆ 'ಆಥ್ ಸಾಕೆಟ್' ಎಂಬ ಪ್ಲಗಿನ್ ಇರುತ್ತದೆ. ಅದು ಪಾಸ್‌ವರ್ಡ್ ನೋಡುವುದೇ ಇಲ್ಲ. ಲಿನಕ್ಸ್‌ನಲ್ಲಿ ನೀವು ಯಾರು ಎಂದು ನೋಡುತ್ತದೆ. ಸುಡೋ ಎಂದರೆ ಲಿನಕ್ಸ್‌ನ ರೂಟ್ ಆಗಿ ಕಮಾಂಡ್ ಓಡಿಸುವುದು, ಅದರಿಂದ ನೀವು ರೂಟ್ ಆದಿರಿ, ಒಳಗೆ ಬಿಟ್ಟಿತು. ಅದನ್ನು ಹಾಗೇ ಬಿಡಿ. ನಿಮ್ಮ ಪ್ರಾಜೆಕ್ಟ್‌ಗೆ 'ಕ್ರಿಯೇಟ್ ಯೂಸರ್' ಎಂದು ಬೇರೆ ಖಾತೆ ಮಾಡಿ, ನಂತರ 'ಗ್ರಾಂಟ್' ಕೊಡಿ. ಹಳೇ ಪಾಠಗಳಲ್ಲಿ ಗ್ರಾಂಟ್ ಒಂದರಲ್ಲೇ ಖಾತೆ ಹುಟ್ಟಿಸುವುದನ್ನು ತೋರಿಸಿರುತ್ತಾರೆ. 8ನೇ ಆವೃತ್ತಿಯಿಂದ ಅದು ನಡೆಯುವುದಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ಐಸ್ ಪ್ಲಾಂಟ್ ಇದೆ. ಯಾವ ಬೋಟಿಗೆ ಎಷ್ಟು ಐಸ್ ಹೋಯಿತು ಎಂಬ ಲೆಕ್ಕ ಪ್ಲಾಂಟ್‌ನ ಕಂಪ್ಯೂಟರ್‌ನಲ್ಲಿದೆ. ಅದನ್ನು ಮನೆಯಿಂದ ನೋಡಬೇಕು. ರೌಟರ್‌ನಲ್ಲಿ 3306 ಪೋರ್ಟ್ ತೆರೆದರೆ ಆಗುತ್ತದೆ ಎಂದು ಒಬ್ಬರು ಹೇಳಿದರು. ಪಾಸ್‌ವರ್ಡ್ ಗಟ್ಟಿ ಇದೆ. ತೆರೆಯಬಹುದಾ?

ಉತ್ತರ: ಬೇಡ. 3306 ಎಂದರೆ ಮೈಎಸ್‌ಕ್ಯೂಎಲ್‌ಗೆ ಬರುವ ಬಾಗಿಲು. ಇಂಟರ್‌ನೆಟ್‌ಗೆ ತೆರೆದ 3306 ಅನ್ನು ಹುಡುಕಿಕೊಂಡು ದಿನವಿಡೀ ತಿರುಗುವ ಪ್ರೋಗ್ರಾಂಗಳಿವೆ. ಅವು ಮಲ್ಪೆ ಯಾವುದು, ದೊಡ್ಡ ಕಂಪನಿ ಯಾವುದು ಎಂದು ನೋಡುವುದಿಲ್ಲ. 2017ರ ಜನವರಿಯಲ್ಲಿ ಹೀಗೆ ತೆರೆದಿಟ್ಟಿದ್ದ ಸಾವಿರಾರು ಮೊಂಗೋಡಿಬಿ (ಇನ್ನೊಂದು ಬಗೆಯ) ಡೇಟಾಬೇಸ್‌ಗಳನ್ನು ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟು ಹೋದರು. ಫೆಬ್ರವರಿಯಲ್ಲಿ ಮೈಎಸ್‌ಕ್ಯೂಎಲ್‌ಗೂ ಅದೇ ಆಯಿತು. ಮೊಂಗೋಡಿಬಿಯವು ಪಾಸ್‌ವರ್ಡ್ ಇಲ್ಲದವು, ಮೈಎಸ್‌ಕ್ಯೂಎಲ್‌ನವು ಊಹಿಸಬಹುದಾದ ಪಾಸ್‌ವರ್ಡ್ ಇದ್ದವು. ನಿಮ್ಮದು ಗಟ್ಟಿ ಇರಬಹುದು. ಆದರೂ ಸರ್ವರ್‌ನಲ್ಲೇ ಒಂದು ದೋಷ ಸಿಕ್ಕಿದ ದಿನ ಪಾಸ್‌ವರ್ಡ್ ಕೇಳುವವರೇ ಇರುವುದಿಲ್ಲ.

ಬದಲಿಗೆ ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ನಿಮಗೆ ಮಾತ್ರ ಇರುವ ಗುಪ್ತ ದಾರಿ, ಹಾಕಿಸಿ. ಮೊದಲು ವಿಪಿಎನ್ ಒಳಗೆ ಬನ್ನಿ, ಆಮೇಲೆ ಡೇಟಾಬೇಸ್. ಯಾವ ವಿಳಾಸದಲ್ಲಿ ಸಂಪರ್ಕ ಸ್ವೀಕರಿಸಬೇಕು ಎಂದು ಹೇಳುವ ಮೈಎಸ್‌ಕ್ಯೂಎಲ್‌ನ 'ಬೈಂಡ್ ಅಡ್ರೆಸ್' ಅನ್ನು ಪ್ಲಾಂಟ್‌ನ ಒಳಗಿನ ವಿಳಾಸಕ್ಕೆ ಮಾತ್ರ ಕಟ್ಟಿ. ಮನೆಯಿಂದ ನೀವು ಸುಮ್ನೆ ನೋಡುವುದು ತಾನೆ, ಆ ಖಾತೆಗೆ ಸೆಲೆಕ್ಟ್ ಬಿಟ್ಟು ಬೇರೇನೂ ಕೊಡಬೇಡಿ. ಈಗ ಜೂನ್, ಬೋಟುಗಳೆಲ್ಲ ದಡದಲ್ಲಿವೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧದ 61 ದಿನ ಮುಗಿಯುತ್ತದೆ. ಆಗಸ್ಟ್ 1ರಂದು ನಿಮಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ, ಹಾಗಾಗಿ ಈ ಕೆಲಸ ಈಗಲೇ ಮುಗಿಸಿ.

ಪ್ರಶ್ನೆ: ಕಾರ್ಕಳದಲ್ಲಿ ಒಂದು ಕ್ಲಿನಿಕ್ ನಡೆಸುತ್ತೇವೆ. ಪ್ರತಿ 30 ದಿನಕ್ಕೆ ಪಾಸ್‌ವರ್ಡ್ ಬದಲಿಸಬೇಕು ಎಂದು ನಿಯಮ ಮಾಡಿದೆವು. ಸಿಬ್ಬಂದಿ ಕೊನೆಯ ಅಂಕಿ ಮಾತ್ರ ಬದಲಿಸುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ.

ಉತ್ತರ: ಸಿಬ್ಬಂದಿಯ ತಪ್ಪಿಲ್ಲ ಡಾಕ್ಟ್ರೇ, ನಿಯಮದ್ದೇ ತಪ್ಪು. ತಿಂಗಳಿಗೊಂದು ಹೊಸ ಪಾಸ್‌ವರ್ಡ್ ನೆನಪಿಡಿ ಎಂದರೆ ಯಾರೇ ಆದರೂ ಹಾಗೇ ಮಾಡುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತು: ದಿನ ಎಣಿಸಿ ಬದಲಿಸಲು ಒತ್ತಾಯಿಸಬೇಡಿ, ಸೋರಿದೆ ಎಂಬ ಕುರುಹು ಸಿಕ್ಕಿದರೆ ಬದಲಿಸಿ. ಉದ್ದ ಇರಲಿ. ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿದರೆ ನೆನಪೂ ಉಳಿಯುತ್ತದೆ.

ನಮ್ಮ ಕಡೆ ನಾನು ಕಂಡ ಪಾಸ್‌ವರ್ಡ್‌ಗಳಲ್ಲಿ ಎರಡು ಬಗೆ ಜಾಸ್ತಿ. ಒಂದು ದೇವಸ್ಥಾನದ ಹೆಸರು, ಕೊನೆಗೆ 123. ಇನ್ನೊಂದು ಗಾಡಿ ನಂಬರ್. ಕೆಎ-19 ಅಥವಾ ಕೆಎ-20 ಎಂದು ಶುರುವಾಗುತ್ತದೆ, ಉಳಿದದ್ದು ಕ್ಲಿನಿಕ್ ಹೊರಗೆ ನಿಲ್ಲಿಸಿದ ಸ್ಕೂಟರ್ ಮೇಲೆ ಬರೆದಿರುತ್ತದೆ. ಇವೆರಡೂ ಬೇಡ.

ಮನುಷ್ಯರು ನೆನಪಿಡಬೇಕಾಗಿಲ್ಲದ ಪಾಸ್‌ವರ್ಡ್, ಅಂದರೆ ಸಾಫ್ಟ್‌ವೇರ್ ಖಾತೆಯದು, ಅದನ್ನು ಯಂತ್ರವೇ ಮಾಡಲಿ. ಮೈಎಸ್‌ಕ್ಯೂಎಲ್ 8.0.18ರಿಂದ 'ಐಡೆಂಟಿಫೈಡ್ ಬೈ ರ‍್ಯಾಂಡಮ್ ಪಾಸ್‌ವರ್ಡ್' ಎಂದು ಕೊಟ್ಟರೆ 20 ಅಕ್ಷರದ್ದನ್ನು ಅದೇ ಮಾಡಿ ತೋರಿಸುತ್ತದೆ. ಒಂದೇ ಸಲ ತೋರಿಸುವುದು, ಕೂಡಲೇ ಎತ್ತಿಡಿ. ಅದರಲ್ಲಿ # ಬಂದರೆ ಕಾನ್ಫಿಗ್ ಕಡತದಲ್ಲಿ ಪಾಸ್‌ವರ್ಡನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಇಲ್ಲದಿದ್ದರೆ # ಆದ ಮೇಲಿನದ್ದನ್ನು ಟಿಪ್ಪಣಿ ಎಂದು ತಿಳಿದು ಓದುವುದೇ ಇಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ತಪ್ಪು ಎನ್ನುತ್ತದೆ ಎಂದು ಒಂದಿಡೀ ಸಂಜೆ ಇದರಲ್ಲಿ ಕಳೆದವರನ್ನು ನಾನು ಬಲ್ಲೆ.

ನಿಮ್ಮಲ್ಲಿರುವುದು ರೋಗಿಗಳ ಮಾಹಿತಿ. ಸರ್ವರ್‌ಗೆ ಯಾರಾದರೂ ನುಗ್ಗಿದ್ದು ಗೊತ್ತಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಎಲ್ಲರೂ ಒಂದೇ ಹೆಸರಲ್ಲಿ ಬಂದ 180 ದಿನದ ಲಾಗ್ ಇಟ್ಟು ಯಾರಿಗೆ ಏನು ತೋರಿಸುತ್ತೀರಿ, ಅಲ್ವಾ?

ಪ್ರಶ್ನೆ: ಕದ್ರಿಯಲ್ಲಿ ನಮ್ಮ ಕಚೇರಿ. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ನಿನ್ನೆ ತಪ್ಪು ಪಾಸ್‌ವರ್ಡ್ ಹೊಡೆದರೂ ಒಳಗೆ ಬಿಟ್ಟಿತು! ಇನ್ನೊಮ್ಮೆ ಬೇಕೆಂದೇ ತಪ್ಪಾಗಿ ಹೊಡೆದೆ, ಮತ್ತೆ ಬಿಟ್ಟಿತು. ಹೆದರಿಕೆಯಾಗಿದೆ.

ಉತ್ತರ: ಹೆದರಬೇಕಾದ ವಿಷಯವೇ, ಆದರೆ ಹತ್ತು ನಿಮಿಷದ ಕೆಲಸ. ಯಾರನ್ನು ಹೇಗೆ ಒಳಗೆ ಬಿಡಬೇಕು ಎಂದು ಬರೆದಿರುವ 'ಪಿಜಿ ಎಚ್‌ಬಿಎ ಡಾಟ್ ಕಾನ್ಫ್' ಎಂಬ ಕಡತ ತೆರೆಯಿರಿ. ಸಾಲಿನ ಕೊನೆಯಲ್ಲಿ 'ಟ್ರಸ್ಟ್' ಎಂದು ಇರುತ್ತದೆ. ಹಾಗೆಂದರೆ ಪಾಸ್‌ವರ್ಡ್ ಕೇಳದೇ ಬಿಡು ಎಂದರ್ಥ. ಯಾರೋ ಯಾವಾಗಲೋ ಪಾಸ್‌ವರ್ಡ್ ಮರೆತು, ಒಳಗೆ ಹೋಗಲು ಹಾಗೆ ಬರೆದು, ವಾಪಸ್ ತೆಗೆಯಲು ಮರೆತಿರುತ್ತಾರೆ. ಪೋಸ್ಟ್‌ಗ್ರೆಸ್ ಆ ಕಡತವನ್ನು ಮೇಲಿನಿಂದ ಕೆಳಗೆ ಓದುತ್ತದೆ, ಹೊಂದಿದ ಮೊದಲ ಸಾಲಿಗೇ ನಿಲ್ಲುತ್ತದೆ. ಕೆಳಗೆ ಎಷ್ಟು ಬಿಗಿಯಾದ ಸಾಲು ಬರೆದರೂ ಮೇಲಿನ ಟ್ರಸ್ಟ್ ದಾಟಿ ಅದು ಬರುವುದೇ ಇಲ್ಲ.

'ಟ್ರಸ್ಟ್' ಇದ್ದ ಜಾಗದಲ್ಲಿ 'ಸ್ಕ್ರ್ಯಾಮ್-ಎಸ್‌ಎಚ್‌ಎ-256' ಎಂದು ಬರೆಯಿರಿ. 14ನೇ ಆವೃತ್ತಿಯಿಂದ ಪಾಸ್‌ವರ್ಡ್ ಇಡುವ ಮೂಲ ಕ್ರಮವೇ ಅದು. ಹಳೇ ಸರ್ವರ್‌ನಲ್ಲಿ ಎಂಡಿ5 ಎಂಬ ಹಳೇ ಕ್ರಮದಲ್ಲಿ ಇಟ್ಟ ಪಾಸ್‌ವರ್ಡ್‌ಗಳಿದ್ದರೆ ಅವು ಇದರಲ್ಲಿ ನಡೆಯುವುದಿಲ್ಲ. 'ಪಾಸ್‌ವರ್ಡ್ ಎನ್‌ಕ್ರಿಪ್ಷನ್' ಸೆಟ್ಟಿಂಗ್ ಮೊದಲು ಬದಲಿಸಿ, ಆಮೇಲೆ ಪ್ರತಿಯೊಂದು ಖಾತೆಗೂ ಹೊಸದಾಗಿ ಪಾಸ್‌ವರ್ಡ್ ಕೊಡಿ. ಆಗ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಎಸ್‌ಕ್ಯೂಎಲ್ ಪ್ರೋಗ್ರಾಂನ 'ಬ್ಯಾಕ್‌ಸ್ಲ್ಯಾಶ್ ಪಾಸ್‌ವರ್ಡ್' ಕಮಾಂಡ್ ಬಳಸಿ. ಅದರಲ್ಲಿ ಪಾಸ್‌ವರ್ಡ್ ಇದ್ದ ಹಾಗೆ ಸರ್ವರ್‌ಗೆ ಹೋಗುವುದಿಲ್ಲ, ಲಾಗ್‌ನಲ್ಲೂ ಬೀಳುವುದಿಲ್ಲ.

ಸರ್ವರ್ ನಿಲ್ಲಿಸಬೇಕಾಗಿಲ್ಲ, ರೀಲೋಡ್ ಸಾಕು. ರೀಲೋಡ್ ಮಾಡುವ ಮೊದಲು 'ಪಿಜಿ ಎಚ್‌ಬಿಎ ಫೈಲ್ ರೂಲ್ಸ್' ಎಂಬ ವ್ಯೂ ನೋಡಿ, ಬರೆದದ್ದರಲ್ಲಿ ತಪ್ಪಿದ್ದರೆ ಅಲ್ಲಿ ಕಾಣುತ್ತದೆ. ಈಗಿರುವ ವಿಂಡೋ ಮುಚ್ಚಬೇಡಿ. ಇನ್ನೊಂದು ವಿಂಡೋ ತೆರೆದು ಮೊದಲು ತಪ್ಪು ಪಾಸ್‌ವರ್ಡ್ ಹೊಡೆಯಿರಿ, ಬಿಡಬಾರದು. ಆಮೇಲೆ ಸರಿಯಾದದ್ದು ಹೊಡೆಯಿರಿ. ಒಳಗೆ ಬಿಟ್ಟ ಮೇಲೆ ಹಳೇ ವಿಂಡೋ ಮುಚ್ಚಿ.